ಅಂಚಿನ ಪೆನ್ಸಿಲು

ಈಸ್ಟರ್ ಬಂತೆಂದರೆ ನಾರ್ವೆಯ ನಮಗೆ
ಹಾಲಿನ ಡಬ್ಬಿಯ ಮೇಲೂ ಒಂದು ಕೊಲೆ ಅಚ್ಚಾಗಬೇಕು.
ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವುದು,
ಕಿತ್ತಳೆ ಸುಲಿಯುವುದು,
ಒಲೆಗೆ ಕಾಲು ಚಾಚಿ ಯಾರದೋ ಸಾವಿನ ಗಂಟು ಬಿಚ್ಚುವುದು.
ಹಬ್ಬವೆಂದರೆ ಇಷ್ಟೇ.

ಈ ಸಲ ಹಲ್ವರ್‌ಗೆ ಮಂಡಿ ನೋವು. ಒಬ್ಬಳೇ ಬಂದೆ.
ಕಾವಲಿಲ್ಲದ ಮರದ ಮನೆ. ಬಂದವರು ತಾವೇ ಸೌದೆ ಒಡೆದು,
ತಾವೇ ದುಡ್ಡು ಡಬ್ಬಿಗೆ ಹಾಕಿ,
ವಹಿಯಲ್ಲಿ ಹೆಸರು ಬರೆದು ಹೋಗುವ ಜಾಗ.
ಕಪಾಟಿನಲ್ಲಿ ಹದಿನೇಳು ಪುಸ್ತಕ.
ಹದಿನಾರರಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ.
ನಾನು ಎಳೆದದ್ದು ಇನ್ನೊಂದನ್ನು.

ಸಿಗದವನ ಕಥೆಗೇ ರುಚಿ ಹೆಚ್ಚು.
ಎಪ್ಪತ್ತೊಂದರ ಅಕ್ಟೋಬರ್, ದೋಣಿಗಟ್ಟೆಯ ಹಿಂದೆ.
ಮೀನು ಕಾರ್ಖಾನೆಯ ಗುಮಾಸ್ತೆ ಗುನ್ವೋರ್, ವಯಸ್ಸು ಇಪ್ಪತ್ಮೂರು.
ನಕ್ಷೆ ಇದೆ, ಬಾಣದ ಗುರುತಿದೆ,
ಕಾಫಿಯ ಎರಡು ಲೋಟಗಳ ಚಿತ್ರವಿದೆ.
ಐವತ್ತನೇ ಪುಟಕ್ಕೆ ನಾವಿಕನನ್ನು ಹಿಡಿದಿದ್ದೆ,
ಎಪ್ಪತ್ತಕ್ಕೆ ಅವನನ್ನು ಬಿಟ್ಟು ಬೇಕರಿಯವನನ್ನು.
ಗಾಳಿ ಬಾಗಿಲು ತಟ್ಟಿದಾಗೆಲ್ಲ
ಹಿತವಾಗಿ ಹೆದರಿದೆ.

ಎಂಬತ್ಮೂರನೇ ಪುಟದ ಅಂಚಿನಲ್ಲಿ
ಇರುವೆ ಸಾಲಿನಂಥ ಪೆನ್ಸಿಲು:
‘ಕೋಟು ನೀಲಿಯಲ್ಲ, ಹಸಿರು.
ತೋಳು ಉದ್ದವಾಗಿತ್ತು. ಮಡಚಿಕೊಳ್ಳುತ್ತಿದ್ದಳು.’

ಮೈ ಜುಮ್ಮೆಂದಿತು. ಇಷ್ಟೆಲ್ಲ ಗೊತ್ತಿರುವುದು ಯಾರಿಗೆ?
ಓದಿದ ಕೊಲೆಗಳೆಲ್ಲ ಒಳಗೆ ಎದ್ದು ಕೂತವು.
ಅವನೇ! ಐವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವನು
ತಡೆಯಲಾರದೆ ತಪ್ಪು ತಿದ್ದಲು ಬಂದಿದ್ದಾನೆ.
ಚಿಲಕವನ್ನು ಎರಡು ಸಲ ನೋಡಿ ಬಂದೆ.

ತೊಂಬತ್ತೊಂದು: ‘ಕಾಫಿ ಅವಳಿಗೆ ಸೇರುತ್ತಿರಲಿಲ್ಲ.’
ನೂರಾ ನಾಲ್ಕು: ‘ಮೌನಿ? ನಿಮ್ಮಂಥವರ ಮುಂದೆ ಮಾತ್ರ.
ಮನೆಯಲ್ಲಿ ಬಾಯಿಗೆ ಬೀಗವೇ ಇರಲಿಲ್ಲ.’
ನೂರಾ ಹತ್ತೊಂಬತ್ತರಲ್ಲಿ, ಶವದ ಫೋಟೋ ಇರಬೇಕಾದಲ್ಲಿ,
ಬ್ಲೇಡಿನಿಂದ ನೀಟಾಗಿ ಕೊಯ್ದ ಕಿಟಕಿ.
ಅದರ ಕೆಳಗೆ:
‘ಓದುವವರೇ, ಕೈ ಒರೆಸಿಕೊಳ್ಳಿ.’

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ
ಬೆರಳು ನೋಡಿಕೊಂಡೆ.
ಕಿತ್ತಳೆಯ ರಸ. ಪುಟಕ್ಕೂ ಅಂಟಿತ್ತು.

ಆದರೂ ಪತ್ತೇದಾರಿ ಬುದ್ಧಿ ಸುಮ್ಮನಿರಬೇಕಲ್ಲ.
ದಪ್ಪ ವಹಿ ಇಳಿಸಿದೆ, ಲಾಟೀನು ಹತ್ತಿರ ಎಳೆದೆ,
ಆ ಇರುವೆಗಳ ಬೆನ್ನು ಹತ್ತಿದೆ, ವರ್ಷದಿಂದ ವರ್ಷಕ್ಕೆ ಹಿಂದಕ್ಕೆ.
ಸಿಕ್ಕಿತು. ಬಾಲ ಸುತ್ತಿಕೊಂಡ ಅದೇ ಜಿ ಅಕ್ಷರ.
ಹೆಸರು: ಓಸ್ಲೌಗ್. ಪ್ರತಿ ಅಕ್ಟೋಬರ್, ಒಂದು ರಾತ್ರಿ.
ಎಲ್ಲಿಂದ: ದೋಣಿಗಟ್ಟೆಯ ಅದೇ ಊರು.
ಎಲ್ಲಿಗೆ: ಅಲ್ಲಿಗೇ.
ಎಷ್ಟು ಮಂದಿ ಎಂಬ ಕಲಮಿನಲ್ಲಿ ಯಾವಾಗಲೂ ಒಂದು.
ಒಂದೇ ಒಂದು ವರ್ಷ, ನಿದ್ದೆಗಣ್ಣೋ ಏನೋ,
ಎರಡು ಎಂದು ಬರೆದು ಹೊಡೆದುಹಾಕಿದ್ದಾಳೆ.

ಮೂವರು ಶಂಕಿತರ ಕೊನೆಯ ಅಧ್ಯಾಯಕ್ಕೆ
ಪೆನ್ಸಿಲು ಹೋಗಿಯೇ ಇಲ್ಲ.
ಹೋದದ್ದು ಕಡೆಯ ಹಾಳೆಗೆ, ಹೆಸರುಗಳ ಸೂಚಿಗೆ.
ಅಲ್ಲಿ ಅಚ್ಚಾಗಿತ್ತು: ‘ಗುನ್ವೋರ್ – ಶವ ನೋಡಿ.’
ಶವಕ್ಕೆ ಗೆರೆ ಎಳೆದು ಪಕ್ಕದಲ್ಲಿ,
‘ಸಿಳ್ಳೆ ಹಾಕುತ್ತಿದ್ದಳು. ಹಲ್ಲಿನ ಸಂದಿಯಿಂದ.
ಅಪ್ಪನಿಗೆ ಕೋಪ ಬರುತ್ತಿತ್ತು.’

ಬೆಳಿಗ್ಗೆ ಬೂದಿ ಬಳಿದೆ, ದುಡ್ಡು ಹಾಕಿದೆ.
ಒದ್ದೆ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ
ನೂರಾ ಹತ್ತೊಂಬತ್ತರ ಕಲೆ ಹೋಗಲಿಲ್ಲ.
ದಾರದಲ್ಲಿ ತೂಗುತ್ತಿದ್ದ ಪೆನ್ಸಿಲು ಹಿಡಿದು
ಕಲೆಯ ಸುತ್ತ ವೃತ್ತ ಬರೆದೆ, ಪಕ್ಕದಲ್ಲಿ ಬರೆದೆ:
‘ಇದು ನನ್ನ ಕೈ.
ಹೆಸರು ವಹಿಯಲ್ಲಿದೆ.’