ಮೊದಲು ತಾಯಿಯನ್ನು ತೋರಿಸಿ

ಅಪ್ಪ ಕಾಟನ್ ಮಿಲ್ಲಿನಲ್ಲಿ ನೂಲು ನೋಡುತ್ತಿದ್ದ.
ಎಳೆಯೊಂದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ,
ಹೆಬ್ಬೆರಳ ಉಗುರಿಗೆ ಸುತ್ತಿ ಜಗ್ಗಿ,
'ಇದು ಒಗೆತಕ್ಕೆ ನಿಲ್ಲಲ್ಲ' ಅನ್ನುತ್ತಿದ್ದ. ಅಷ್ಟೇ.
ಮಿಲ್ಲು ಮುಚ್ಚಿತು. ತೆರೆದಿದ್ದ ಆ ಇನ್ನೊಂದು ಕಣ್ಣು
ನನ್ನ ಪಾಲಿಗೆ ಬಂತು.

ಅದನ್ನೇ ಹಿಡಿದು ಈಗ ಬೆಕ್ಕಿನ ಮರಿ ಹುಡುಕುತ್ತಿದ್ದೇನೆ,
ಐವತ್ತೆರಡರಲ್ಲಿ, ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ,
ಸೀರೆಗಳಿಗೆ ಫಾಲ್ ಹಚ್ಚಿ ಕೂಡಿಸಿದ ದುಡ್ಡು
ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು.
ಪರ್ಷಿಯನ್. ಬೂದು ಬಣ್ಣ. ಹೆಣ್ಣು.

'ಬೀದೀಲಿ ಬಿಟ್ಟಿ ಸಿಗೋದಕ್ಕೆ ರೊಕ್ಕ ಕೊಡ್ತೀಯಲ್ಲೇ!'
ಓಣಿಯವರ ಮಾತು ಸುಳ್ಳಲ್ಲ.
ಬೀದಿಯ ಮೂರಕ್ಕೆ ದಿನಾ ಹಾಲು ಹಾಕುತ್ತೇನೆ.
ಅವು ನನ್ನವಲ್ಲ, ನಾನು ಅವುಗಳವಳು.
ಆದರೆ ಪಿ.ಜೆ. ಬಡಾವಣೆಯ ಮನೆಯೊಂದರಲ್ಲಿ
ಅಳತೆಗೆಂದು ಹಾಸಿದ್ದ ಬಟ್ಟೆಯ ಮೇಲೆ
ಬೂದು ಬಣ್ಣದ್ದೊಂದು ಬಂದು ಮಲಗಿಬಿಟ್ಟಿತ್ತು.
ಅವತ್ತು ಕತ್ತರಿ ಎತ್ತಲಿಲ್ಲ ನಾನು.
ಕಾರಣ ಇಷ್ಟೇ, ದೊಡ್ಡದೇನಿಲ್ಲ.

ಬಸ್ ಸ್ಟ್ಯಾಂಡ್ ಹಿಂದೆ ಕಲ್ಲೇಶಿಯ ಹತ್ತಿರ
ಬಿಸ್ಕತ್ತಿನ ರಟ್ಟಿನ ಡಬ್ಬಿಯಲ್ಲಿ ನಾಲ್ಕು.
'ಇವ್ರಪ್ಪ ಚಾಂಪಿಯನ್ ಅದಾನ್ರಿ, ಕಾಗದ ಐತಿ.'
ಕಾಗದ ಇತ್ತು: ಜೆರಾಕ್ಸಿನ ಜೆರಾಕ್ಸು,
ಹೆಸರಿನ ಜಾಗದಲ್ಲಿ ಬಿಳಿ ಶಾಯಿ.
'ತಾಯಿ?'
'ಊರಾಗೈತ್ರಿ.'
'ಯಾವ ಊರು?'
'ಅದೇ... ಹರಿಹರದ ಕಡೆ.'
ಎರಡು ತಿಂಗಳು ಅಂದ. ಬಾಯಿ ಬಿಡಿಸಿ ನೋಡಿದೆ,
ಹಲ್ಲು ನುಚ್ಚಕ್ಕಿಯಷ್ಟೂ ಇರಲಿಲ್ಲ.
ಕಣ್ಣಂಚಿಗೆ ಗೀಜು. ಬೆಳಕಿಗೆ ಹಿಡಿದರೆ
ಉಸಿರು ಸವೆದ ಮಗ್ಗದ ಹಾಗೆ ಕಟಕಟ.

ಕೊಂಡರೆ ಒಂದು ಉಳಿಯುತ್ತದೆ,
ಆ ಜಾಗಕ್ಕೆ ನಾಳೆ ಇನ್ನೊಂದು ಡಬ್ಬಿ ಬರುತ್ತದೆ.
ಗೊತ್ತಿತ್ತು. ಗೊತ್ತಿದ್ದರಿಂದ
ಹಿಂದಿರುಗುವ ಹೆಜ್ಜೆ ಹಗುರಾಗಲಿಲ್ಲ.
ಪಶು ಆಸ್ಪತ್ರೆಯ ಕಾಂಪೌಂಡರ್ ಓಂಕಾರಪ್ಪನಿಗೆ ಹೇಳಿದೆ.
ಅವನು ಬೈಕ್ ಹತ್ತಿ ಹೋಗುವಷ್ಟರಲ್ಲಿ
ಡಬ್ಬಿಯೂ ಇಲ್ಲ, ಕಲ್ಲೇಶಿಯೂ ಇಲ್ಲ.
ಚೀಟಿಯ ಮೇಲೆ ಬರೆದುಕೊಟ್ಟ:
'ಮೆಹರುನ್ನೀಸಾ ಟೀಚರ್, ಆಜಾದ್ ನಗರ.
ಸುಮ್ನೆ ಕೊಡೋರಲ್ಲ, ಹುಷಾರು.'

ಚಪ್ಪಲಿ ಹೊರಗೆ. ಕೈ ಸೋಪು ಹಚ್ಚಿ ತೊಳೆಯಿರಿ.
ಕೂತ ಮೇಲೆ ಚಹಾ, ಚಹಾದ ಹಿಂದೆಯೇ ಪ್ರಶ್ನೆ.
ಕಿಟಕಿಗೆ ಜಾಲರಿ ಇದೆಯಾ? ಮನೇಲಿ ಹಗಲು ಯಾರಿರ್ತಾರೆ?
ದಿನಾ ಬಾಚೋಕೆ ತಾಳ್ಮೆ ಇದೆಯಾ?
ಸೂಜಿ ದಾರ ನೆಲಕ್ಕೆ ಬೀಳುತ್ತವಲ್ಲ, ನುಂಗಿದರೆ?
ಜ್ವರ ಬಂದರೆ ಯಾವ ಡಾಕ್ಟರು? ನೀವು ಮಲಗಿದರೆ ಯಾರು?
ಹೆಣ್ಣು ನೋಡಲು ಬಂದವಳು ನಾನು.
ಮೂವತ್ತು ವರ್ಷದ ಹಿಂದೆ ಇದೇ ಹಾಗೆ ಕೂತಿದ್ದೆ,
ಆಗ ಕೇಳಿದ್ದು ಬರೀ ಬಂಗಾರದ ತೂಕ.

ಕೊನೆಗೆ ಒಳಕೋಣೆಯ ಪರದೆ ಸರಿಸಿದರು.
ಗುಲ್ಕಂದ್. ತಾಯಿ.
ಕೂಲರಿನ ಎದುರು ಅಡ್ಡಾಗಿ, ಮೂರು ಮರಿಗಳ ಮೇಲೆ
ಬಾಲವೊಂದನ್ನು ಸೆರಗಿನ ಹಾಗೆ ಎಳೆದು.
ಮೂಗು ಚಪ್ಪಟೆ, ಆದರೆ ಉಸಿರು ಸಲೀಸು.
ಮೂತ್ರಪಿಂಡದ ಪರೀಕ್ಷೆಯ ಚೀಟಿ, ಲಸಿಕೆಯ ಪುಸ್ತಕ,
'ವರ್ಷಕ್ಕೆ ಒಂದೇ ಸಲ, ಇದೇ ಇವಳ ಕಡೇ ಹೆರಿಗೆ.'
ಒಂದು ಕಣ್ಣು ಮುಚ್ಚಿದೆ. ತೆರೆದೆ.
ನೂಲಿನಂತೆ ಸೀರೆ, ತಾಯಿಯಂತೆ ಮಗಳು:
ಗಾದೆ ಎದ್ದು ಮೈಮುರಿದು ಆಕಳಿಸಿತು.

ಗಂಟು ಬಿಚ್ಚಿದೆ. ಟೀಚರ್ ಕೈ ಅಡ್ಡ ಹಿಡಿದರು.
'ಇನ್ನೂ ಐದು ವಾರ ಇವಳ ಹತ್ತಿರ ಇರಬೇಕು.
ಉಗುರು ಒಳಗಿಟ್ಟು ಆಡೋದು
ಇವಳೇ ಕಲಿಸಬೇಕು. ನಾನೂ ಅಲ್ಲ, ನೀವೂ ಅಲ್ಲ.'

ದಾರಿಯಲ್ಲಿ ಭಟ್ಟಿಯ ಹತ್ತಿರ ನಿಂತು
ಖಾಲಿ ಬುಟ್ಟಿಗೆ ಎರಡು ಸೇರು ಬಿಸಿ ಮಂಡಕ್ಕಿ ಹಾಕಿಸಿಕೊಂಡೆ.
ಮರಿಯಷ್ಟೇ ತೂಕ, ಅಷ್ಟೇ ಬೆಚ್ಚಗೆ.
ಓಣಿಯ ತುದಿಯಲ್ಲಿ ಬಸಮ್ಮ ಬುಟ್ಟಿ ಇಣುಕಿ ನಕ್ಕಳು.
'ಎಲ್ಲೇ ನಿನ್ನ ಬೆಕ್ಕು?'

ಒಂದು ಹಿಡಿ ಅವಳ ಸೆರಗಿಗೆ ಸುರಿದು ಹೇಳಿದೆ:
'ಅವರಮ್ಮ ಇನ್ನೂ ಹೂಂ ಅಂದಿಲ್ಲ.'