ಫ್ಯಾನಿಲ್ಲದ ಪೆಟ್ಟಿಗೆ

ನನ್ನ ಕಸುಬು ಫ್ರಿಜ್ ರಿಪೇರಿ.
ಕಂಪ್ರೆಸರಿನ ಕೆಮ್ಮು ಕೇಳಿಯೇ ಹೇಳಬಲ್ಲೆ
ಅದಕ್ಕಿನ್ನು ಎಷ್ಟು ಬೇಸಿಗೆ ಉಳಿದಿದೆಯೆಂದು.
ಆದರೂ ಅಪ್ಪ ಅಮ್ಮನ ಟೀವಿಗೊಂದು ಕಂಪ್ಯೂಟರ್ ಆರಿಸಲು
ನಾಲ್ಕು ಭಾನುವಾರ ಹಿಡಿಯಿತು.

ಮೊದಲು ಒಯ್ದದ್ದು ನನ್ನ ಮಗ ಆಡಿ ಬಿಟ್ಟದ್ದು,
ಮೂರು ಫ್ಯಾನು, ನೀಲಿ ದೀಪ.
ಕೊವಿಲ್ಯಾದ ಕಡಿದಾದ ಓಣಿಯಲ್ಲಿ
ಹೆಗಲ ಮೇಲಿಟ್ಟು ನೂರಾ ಹನ್ನೆರಡು ಮೆಟ್ಟಿಲು.
ಗುಂಡಿ ಒತ್ತಿದೆ. ಗೊರಕೆ ಹೊಡೆಯುತ್ತಲೇ ಎದ್ದಿತು.
ಅಪ್ಪ ಮೆಚ್ಚಿದ: ಭೇಷ್, ಸದ್ದೇ ಇಲ್ಲ.
ಅಮ್ಮ ಎದ್ದು ಅಡುಗೆಮನೆಗೆ ಹೋದಳು.

ಅಪ್ಪನ ಕಿವಿ ಉಣ್ಣೆ ಮಿಲ್ಲಿನಲ್ಲೇ ಉಳಿಯಿತು.
ಮೂವತ್ತೆಂಟು ವರ್ಷ ಮಗ್ಗದ ಮೆಕ್ಯಾನಿಕ್ಕು ಅದೆಲಿನು;
ಯಂತ್ರದ ಕಾಯಿಲೆ ಹಿಡಿಯಲು
ಎರಡೂ ಕಿವಿ ತೆರೆದೇ ಇಟ್ಟ.
ಅಮ್ಮ ಅದೇ ಷೆಡ್ಡಿನಲ್ಲಿ ಕಡಿದ ನೂಲಿಗೆ ಗಂಟು ಹಾಕುತ್ತ
ಉಣ್ಣೆ ಉಂಡೆಮಾಡಿ ಕಿವಿಗೆ ತುರುಕಿಕೊಂಡಳು,
ಉಳಿಸಿಕೊಂಡಳು. ಈಗ ಎಲ್ಲವೂ ಕೇಳಿಸುತ್ತದೆ:
ಮೇಲಿನ ಮನೆಯ ನಲ್ಲಿ,
ಗೋಡೆಯಾಚೆಯ ಗಡಿಯಾರ,
ಚಾರ್ಜರಿನೊಳಗಿನ ಸೊಳ್ಳೆ.
ಸದ್ದಿಗೆ ಒಂದು ಜನ್ಮ ಕೊಟ್ಟಾಗಿದೆ ಮಗಳೇ,
ಇನ್ನೊಂದು ಕೇಳಬೇಡ ಎಂದಳು
ಪಾತ್ರೆ ಒರೆಸುತ್ತ.

ಸರಿ, ಹುಡುಕಿದೆ.
ವೇಗ ಬೇಡ, ಅವರು ಎಲ್ಲಿಗೂ ಓಡುತ್ತಿಲ್ಲ.
ಗ್ರಾಫಿಕ್ಸ್ ಕಾರ್ಡ್ ಬೇಡ. ಎಂಟು ಜಿಬಿ ಮೆಮರಿ ಧಾರಾಳ.
ತಿರುಗುವ ಡಿಸ್ಕು ಬೇಡವೇ ಬೇಡ,
ಅದು ನಡುರಾತ್ರಿ ಹಲ್ಲು ಕಡಿಯುತ್ತದೆ.
ಹತ್ತು ವ್ಯಾಟಿನ ಪ್ರೊಸೆಸರು, ಮಿತಾಹಾರಿ;
ಕಾವೇರಿದರೆ ಅಲ್ಯುಮಿನಿಯಂ ಪಕ್ಕೆಲುಬಿನಿಂದಲೇ
ಯಾರಿಗೂ ತಿಳಿಯದಂತೆ ಬಿಟ್ಟುಬಿಡುವ ಪೆಟ್ಟಿಗೆ,
ಜೋಳದ ಬ್ರೆಡ್ಡಿನಷ್ಟು ದೊಡ್ಡದು.
ಇನ್ನರವತ್ತು ಯೂರೋ ಹಾಕಿ, ದುಪ್ಪಟ್ಟು ಶಕ್ತಿ,
ಅಂಗಡಿಯ ಹುಡುಗ ಬಿಡಲಿಲ್ಲ.
ಶಕ್ತಿ ಬಂದರೆ ಅಮ್ಮನಿಗೆ ಕೇಳಿಸುತ್ತದಯ್ಯ, ಎಂದೆ.
ಆ ಅರವತ್ತು ರಿಮೋಟಿಗೆ ಹೋಯಿತು,
ಐದೇ ಗುಂಡಿಯದು, ದಪ್ಪ ಗುಂಡಿ,
ಮಗ್ಗ ಅರ್ಧ ತಿಂದ ಹೆಬ್ಬೆರಳಿಗೂ ಸಿಕ್ಕುವಂಥದು.

ಜೋಡಿಸಿ, ಫ್ರಿಜ್ಜಿಗೆ ಇಡುವಂತೆ
ಅದರ ಬೆನ್ನಿಗೆ ಕಿವಿಯಿಟ್ಟೆ.
ಏನೂ ಇಲ್ಲ.
ನನ್ನ ಕಸುಬಿನಲ್ಲಿ ಏನೂ ಇಲ್ಲವೆಂದರೆ
ಕೆಟ್ಟಿತು, ಹಾಲು ಒಡೆಯಿತು ಎಂದರ್ಥ.
ಎರಡು ಸಲ ದೀಪ ನೋಡಿ ನಂಬಿದೆ.
ಅಮ್ಮ ಹತ್ತಿರ ಬಂದು ನಿಂತಳು, ಉಸಿರು ಬಿಗಿಹಿಡಿದು.
ಹಚ್ಚಿದ್ದೀಯಾ? ಕೇಳಿದಳು.
ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ.

ಫುಟ್‌ಬಾಲ್ ತುಂಬಿದ್ದೆ, ಧಾರಾವಾಹಿ ತುಂಬಿದ್ದೆ,
ಜೊತೆಗೆ ಅಟ್ಟದ ಬಿಸ್ಕತ್ ಡಬ್ಬಿಯಲ್ಲಿದ್ದ ಒಂದು ರೀಲು:
ಎಪ್ಪತ್ತೊಂದರ ಮಿಲ್ ಪಿಕ್ನಿಕ್ಕು, ಮೂರು ನಿಮಿಷ,
ಧ್ವನಿ ಮೊದಲಿನಿಂದಲೂ ಇಲ್ಲ.
ಬಂಡೆಯ ಮೇಲೆ ಕಂಬಳಿ, ವೈನಿನ ಬುಡ್ಡಿ,
ಸೊಂಟದ ಮೇಲೆ ಕೈಯಿಟ್ಟ ಬೆಲ್ಮಿರು ಚಿಕ್ಕಪ್ಪ.
ಮರುವರ್ಷ ಲಿಯೋನಿಗೆ ಹೋದವನು
ಅಣ್ಣನಿಗೊಂದು ಕಾಗದ ಹಾಕದೆ ಅಲ್ಲೇ ಸತ್ತ.
ಕ್ಯಾಮೆರಾದತ್ತ ತಿರುಗಿ ಏನೋ ಹೇಳುತ್ತಾನೆ.
ಬೆರಳು ಎತ್ತಿ, ಮತ್ತೊಮ್ಮೆ ಹೇಳುತ್ತಾನೆ.

ಏನಂದ? ಅಪ್ಪ ಮುಂದಕ್ಕೆ ಬಾಗಿದ.
ಅಷ್ಟು ಮಸುಕಾದ ತುಟಿ ಅವನಿಗೆ ಎಟುಕಲಿಲ್ಲ.
ಅಮ್ಮನಿಗೆ ಎಟುಕಿತು.
ನಾನೂರು ಮಗ್ಗದ ಗದ್ದಲದಲ್ಲಿ
ಷೆಡ್ಡಿನ ಆ ತುದಿಯ ಚಾಡಿ ಓದಿದ ಕಣ್ಣು ಅದು.
ಅಪ್ಪನ ಕಡೆ ತಿರುಗಿ, ಸ್ವರವಿಲ್ಲದೆ,
ತುಟಿ ಅಗಲಿಸಿ ಅಗಲಿಸಿ ಅವನಿಗೆ ದಾಟಿಸಿದಳು
ಮಿಲ್ಲಿನ ಮಾತಿನಲ್ಲಿ.
ನನಗೆ ಆ ಭಾಷೆ ಕಲಿಸಲಿಲ್ಲ;
ಮನೆಯಲ್ಲಿ ಕೂತಿದ್ದೆ, ಕಿವುಡಿಯಂತೆ.

ಅಪ್ಪ ನಕ್ಕ. ನಗು ಅರ್ಧಕ್ಕೆ ನಿಂತಿತು.
ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದ:
ಕೊಟ್ಟಿದ್ದೆ! ಇನ್ನೂರು ಎಸ್ಕುದು,
ನೋಟಿನಲ್ಲೇ ಕೊಟ್ಟಿದ್ದೆ!

ಅಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ.
ನಾನು ಪೆಟ್ಟಿಗೆ ಮುಟ್ಟಿ ನೋಡಿದೆ, ಸುಮ್ಮನೆ.
ಬೆಚ್ಚಗಿತ್ತು.
ಹಿಂದಕ್ಕೆ ಹಾಕು, ಎಂದ ಅಪ್ಪ.
ನೀವೇ ಹಾಕಿ, ಎಂದೆ. ನಾಲ್ಕನೆಯ ಗುಂಡಿ.