ಹಳದಿ ಬಿಲ್ಲೆ

ಮಳೆನೀರಿನ ಪೀಪಾಯಿಗೆ ಮುಚ್ಚಳವಾಗಿ
ಮೂವತ್ತು ವರ್ಷ ಬಿದ್ದಿದ್ದ ತಗಡು
ಇದ್ದಕ್ಕಿದ್ದಂತೆ ಸರಕಾರಕ್ಕೆ ಬೇಕಾಗಿದೆ.
ಕೇಳಲು ಬಂದವಳು ನನ್ನ ಮಗಳೇ, ಫ್ರೀಡೆರಿಕೆ,
ಸೇತುವೆ ತಪಾಸಣೆಯ ಎಂಜಿನಿಯರು,
ಕಿತ್ತಳೆ ಬಣ್ಣದ ಅಂಗಿ, ಕೈಯಲ್ಲೊಂದು ಪುಟ್ಟ ಸುತ್ತಿಗೆ.

"ಅಪ್ಪಾ, ಅದರ ಮೇಲಿದ್ದ ಅಂಕೆ ಎಷ್ಟು?"

ತಿರುವಿ ಒರೆಸಿದೆ. ಪಾಚಿಯಡಿ ಇನ್ನೂ ಹಳದಿ.
ಕೆಳಗೆ ಟ್ಯಾಂಕಿನ ಗುರುತು, ಮೇಲೆ ಅರವತ್ತು.

ಇದನ್ನು ನೆಟ್ಟವನು ನನ್ನಪ್ಪ ಎವಾಲ್ಡ್,
ಹೌನೆ ಹೊಳೆಯ ಸೇತುವೆಯ ಬಲಕ್ಕೆ,
ನಾನು ಎರಡನೇ ಕ್ಲಾಸಿನಲ್ಲಿದ್ದಾಗ.
ಅಂಕೆ ಬರೆದವರು ಬಾನ್‌ನವರೋ, ಅಮೆರಿಕದವರೋ,
ಅವನಿಗೂ ಗೊತ್ತಿರಲಿಲ್ಲ. ನೆಡು ಎಂದರು, ನೆಟ್ಟ.
ಹಳೆಯ ಕಲ್ಲಿನ ಸೇತುವೆಯನ್ನು ನಮ್ಮವರೇ ಸಿಡಿಸಿದ್ದರು,
ಅಮೆರಿಕದವರು ದಾಟಬಾರದೆಂದು.
ಹೊಸದನ್ನು ನಮ್ಮವರೇ ಕಟ್ಟಿದರು,
ಅಮೆರಿಕದವರು ದಾಟಲೆಂದು.
ನಡುವೆ ಕಳೆದದ್ದು ಕೆಲವೇ ವರ್ಷ.

ಸೇತುವೆಯ ಬಾಯಲ್ಲಿ, ಚರಂಡಿಯೇ ಇಲ್ಲದ ಕಡೆ,
ಸಾಲಾಗಿ ಮೂರು ಕಬ್ಬಿಣದ ಮುಚ್ಚಳ.
ಅಡಿಯಲ್ಲಿ ಮೂರಾಳು ಆಳದ ಖಾಲಿ ಗುಂಡಿ,
ಮದ್ದು ತುಂಬಲು.
ನೆಂಟರು ಬಂದರೆ ತಾಳುವ ಭಾರಕ್ಕೆ ಬಿಲ್ಲೆ,
ವೈರಿ ಬಂದರೆ ಉರುಳಿಸಲು ಗುಂಡಿ.
ನಾವು ಹುಡುಗರು ಅದರ ಮೇಲೆಯೇ ಕುಂಟಾಬಿಲ್ಲೆ ಆಡಿದೆವು.
ತಿಂಗಳಿಗೊಮ್ಮೆ ಯಾರೋ ಒಬ್ಬ, ಮಾಮೂಲಿ ಕೋಟು,
ಮುಚ್ಚಳ ಎತ್ತಿ ಟಾರ್ಚು ಬಿಟ್ಟು ನೋಡಿ
ಅಮ್ಮ ಮಾಡಿದ ಪ್ಲಮ್ ಕೇಕು ತಿಂದು ಹೋಗುತ್ತಿದ್ದ.
ಸುಗ್ಗಿ ಮುಗಿದ ಮೇಲೆ ಕವಾಯತು.
ಬೆಲ್ಜಿಯಂನ ಟ್ಯಾಂಕೊಂದು ನಮ್ಮ ಬೇಲಿ ತುಳಿದು
ರಸೀದಿ ಬರೆದು ದುಡ್ಡು ಕೊಟ್ಟಿತು.

ಗೋಡೆ ಬಿತ್ತು.
ಆಚೆಯವರು ಬಂದೇ ಬಂದರು,
ರಟ್ಟಿನಂಥ ಪುಟಾಣಿ ಕಾರುಗಳಲ್ಲಿ, ಹೊಗೆ ಕಾರುತ್ತ.
ಅರವತ್ತರ ಸೇತುವೆಯ ಮೇಲೆ ಆರುನೂರು ಕಿಲೋ!
ಅಪ್ಪ ಬಿಲ್ಲೆಯ ಕಂಬಕ್ಕೆ ಒರಗಿ ನಕ್ಕ,
ಕೆಮ್ಮು ಬರುವವರೆಗೂ ನಕ್ಕ.

ಮೂರು ಗುಂಡಿಗೂ ಕಾಂಕ್ರೀಟು ಸುರಿದವನು ನಾನು.
ಅಪ್ಪನ ಕೆಲಸ ನನಗೆ ಬಂದಿತ್ತು.
ಬಿಲ್ಲೆ ಬಿಚ್ಚಿ ಮನೆಗೆ ತಂದೆ, ಯಾರೂ ಕೇಳಲಿಲ್ಲ.

ಆಮೇಲೆ ಒಪ್ಪಂದಗಳು,
ಮಾಸ್ಟ್ರಿಕ್ಟ್, ನೀಸ್, ಲಿಸ್ಬನ್,
ಮದುವೆಗೆ ಹೋದವರು ಹುಡುಗಿಯ ಹೆಸರು ಮರೆತು
ಛತ್ರದ ಹೆಸರು ಹೇಳಿದ ಹಾಗೆ.
ಮನೆಗಳು ಹೆಚ್ಚಿದವು, ಮೇಜು ಉದ್ದವಾಯಿತು.
ದಂಡು ಯಾರದು, ದುಡ್ಡು ಯಾರದು, ಬೀಗದ ಕೈ ಯಾರ ಸೊಂಟದಲ್ಲಿ?
ಎತ್ತು ಏರಿಗೆ, ಕೋಣ ನೀರಿಗೆ.
ಸೇತುವೆ ಮಾತ್ರ ಇದ್ದಲ್ಲೇ ಇತ್ತು,
ಚಳಿಗಾಲದ ರಸ್ತೆಯ ಉಪ್ಪು ಕುಡಿಯುತ್ತ.

ಈಗ ಗಡಿ ಎದುರಿನ ಗುಡ್ಡದಲ್ಲಿಲ್ಲ,
ದಿನಗಟ್ಟಲೆ ದಾರಿ.
ಟ್ಯಾಂಕು ಇಲ್ಲಿ ನಿಲ್ಲುವುದಿಲ್ಲ, ಹಾದು ಹೋಗುತ್ತದೆ,
ಲಿಥುವೇನಿಯಾಕ್ಕೆ.
ನಮ್ಮವರ ಬೂಟಿನ ಸದ್ದಿಗೆ
ಆಲೂಗಡ್ಡೆಯ ನೆಲಮಾಳಿಗೆಗೆ ಇಳಿದ ಅಜ್ಜಿಯರು ಅಲ್ಲಿದ್ದರು.
ಅವರ ಮೊಮ್ಮಕ್ಕಳು ಈಗ
ಅದೇ ಬೂಟಿಗಾಗಿ ದಿನ ಎಣಿಸುತ್ತಾರಂತೆ.
ಇದನ್ನು ಮಗಳು ಹೇಳಿದಾಗ
ನಾನು ಕಾಫಿಗೆ ಸಕ್ಕರೆ ಹಾಕುತ್ತಲೇ ಇದ್ದೆ.

ಸೇತುವೆಯಡಿ ಅವಳು ಕಣ್ಣು ಮುಚ್ಚಿ ತಟ್ಟಿದಳು.
ಗಟ್ಟಿ ಇದ್ದಲ್ಲಿ ಟಣ್. ಟೊಳ್ಳಿದ್ದಲ್ಲಿ ಡಬ್.
ಡಬ್. ಡಬ್. ಟಣ್. ಡಬ್.
ಪುಸ್ತಕದಲ್ಲಿ ಬರೆದುಕೊಂಡಳು: ಮೂವತ್ತು.
"ಅದೂ ಒಂದೊಂದಾಗಿ, ಮೆಲ್ಲಗೆ."
ಟ್ಯಾಂಕುಗಳು ಅಷ್ಟರಲ್ಲಿ ಅರವತ್ತು ದಾಟಿ ಬೆಳೆದಿವೆ.

ಬಿಲ್ಲೆ ಬೇಡವಂತೆ. ಹಳೆಯ ಅಂಕೆ ಸಾಕಿತ್ತು,
ಕಡತದಲ್ಲಿ ಒಂದು ಸಾಲು ಖಾಲಿ ಇತ್ತಂತೆ.
ದುಡ್ಡು ಮಂಜೂರಾಗುತ್ತದೆ, ಟ್ಯಾಂಕಿನ ಹೆಸರಲ್ಲಿ.

ಬೆಳಗ್ಗೆ ಏಳೂವರೆಗೆ ಶಾಲೆಯ ಬಸ್ಸು ದಾಟಿತು,
ಹನ್ನೊಂದು ಮಕ್ಕಳು, ಕಿಟಕಿಗೆ ಮೂಗು ಒತ್ತಿ.
ಇಷ್ಟು ವರ್ಷ ಈ ಬಸ್ಸಿನ ಭಾರ ಕೇಳಲು
ಯಾರೂ ಸುತ್ತಿಗೆ ಹಿಡಿದು ಬಂದಿರಲಿಲ್ಲ.

ಪೀಪಾಯಿ ತುಂಬಿದೆ.
ಬಿಲ್ಲೆಯನ್ನು ಮತ್ತೆ ಮುಚ್ಚಿದೆ,
ಈ ಸಲ ಅಂಕೆ ಮೇಲೆ ಕಾಣುವ ಹಾಗೆ.